ಗದ್ದೆಬಯಲಿನಲ್ಲಿ ಸರಕು ನಿಲ್ದಾಣ: ಒಂದು ವಿಚಾರ

ಮಲೆನಾಡಿಗೆ ರೈಲು ಬರಬೇಕೆಂಬ ಹಂಬಲ ಇಂದು ನಿನ್ನೆಯದಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ನೆಲದಲ್ಲಿ ಇಂದು ಒಂದು ಮಾರು ರೈಲುಕಂಬಿಯೂ ಇಲ್ಲ. ಕಾಯಿಲೆಯವರಾಗಲಿ, ಪರೀಕ್ಷೆಗೆ ಹೊರಟ ವಿದ್ಯಾರ್ಥಿಗಳಾಗಲಿ, ತುಂಗೆಯ ತಡಿಯ ಶಾರದಾಪೀಠಕ್ಕೂ ಭದ್ರೆಯ ತಡಿಯ ರಂಭಾಪುರಿ ಪೀಠಕ್ಕೂ ಸಿಂಹನಗದ್ದೆಯ ಬಸದಿಗೂ ಬರುವ ಯಾತ್ರಿಕರಾಗಲಿ, ಎಲ್ಲರೂ ರಸ್ತೆಯನ್ನೇ ನಂಬಬೇಕು. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಬಂದಿತಾದರೂ ಘಟ್ಟದ ಈ ಮಗ್ಗುಲಿನವರಿಗೆ ಅದೂ ದೂರವೇ. ಶಿವಮೊಗ್ಗದಿಂದ ಶೃಂಗೇರಿಯ ಮೂಲಕ ಮಂಗಳೂರಿಗೆ ಒಂದು ಮಾರ್ಗವಾಗಲಿ ಎಂಬ ಬೇಡಿಕೆ ಚುನಾವಣೆಗೊಮ್ಮೆ ಚಿಗುರಿ, ಚುನಾವಣೆ ಕಳೆದ ಮೇಲೆ ಬಾಡುತ್ತ ಬಂದಿದೆ. ಇಂಥ ಸ್ಥಿತಿಯಲ್ಲಿ ರೈಲಿನ ವಿಷಯಕ್ಕೆ ಎಚ್ಚರಿಕೆಯ ಮಾತನ್ನು ಆಡುವವನು ಜನದ್ರೋಹಿಯಂತೆ ಕಾಣುವುದು ಸಹಜ. ಆದರೂ ಆಡದೆ ವಿಧಿಯಿಲ್ಲ. ಏಕೆಂದರೆ ಜನ ಕೇಳುತ್ತಿರುವುದು ಜನರು ಕುಳಿತು ಹೋಗುವ ರೈಲನ್ನು. ಹಳಿ ಬಂದಲ್ಲಿಗೆಲ್ಲ ಅದರ ಬೆನ್ನಿಗೆ ಬರುವುದು ಸರಕು ನಿಲ್ದಾಣ. ಇವೆರಡೂ ಒಂದೇ ಅಲ್ಲವೆಂಬುದು ನಮ್ಮ ಸಭೆಗಳಲ್ಲಿ ಇನ್ನೂ ಸರಿಯಾಗಿ ಚರ್ಚೆಗೆ ಬಂದಂತಿಲ್ಲ.

ಮೊದಲು ಹೆಸರಿನ ವಿಚಾರ. ಸರಕಾರದ ಕಾಗದಪತ್ರಗಳಲ್ಲಿ ಇದಕ್ಕೆ 'ಟರ್ಮಿನಲ್' ಎಂದು ಹೆಸರು. ಕನ್ನಡಿಸುವವರು 'ಅಂತ್ಯನಿಲ್ದಾಣ' ಎಂದೋ 'ಅಂತಿಮತಾಣ' ಎಂದೋ ಬರೆಯುತ್ತಾರೆ. ಯಾವುದರ ಅಂತ್ಯವೆಂದು ಹಳ್ಳಿಯವನು ಕೇಳಿದರೆ ಉತ್ತರ ಕೊಡುವುದು ಕಷ್ಟ. 'ಸರಕು' ಎಂಬ ಮಾತಾದರೋ ನಮ್ಮಲ್ಲಿ ಹಳೆಯದು, ಗೌರವದ್ದು. ಸುಂಕದ ಬಂಕಣ್ಣನಂಥ ಶರಣನು ಸುಂಕ ವಸೂಲಿಯ ಕಾಯಕದಲ್ಲಿದ್ದೇ ಅನುಭಾವಿಯಾದನು. ಅಯ್ಯಾವೊಳೆಯ ಐನೂರ್ವರು ನಾಡಿನ ಉದ್ದಗಲಕ್ಕೂ ಸರಕು ಸಾಗಿಸಿದರು. ಶಾಸನಗಳಲ್ಲಿ ಬರುವ ಪೆರ್ಜುಂಕ, ವಡ್ಡರಾವುಳಗಳು ಆ ವ್ಯವಹಾರದ ಸಾಕ್ಷಿಗಳು. ಘಟ್ಟದ ಮೇಲಿನ ಅಡಿಕೆ, ಮೆಣಸು ಹೇರೆತ್ತುಗಳ ಬೆನ್ನೇರಿ ಕೆಳಗಿಳಿದರೆ ಕರಾವಳಿಯ ಉಪ್ಪು ಅದೇ ಎತ್ತುಗಳ ಬೆನ್ನೇರಿ ಮೇಲೆ ಬರುತ್ತಿತ್ತು. ಹೇರು ಎಂಬುದು ಒಂದು ಎತ್ತು ಹೊರಬಲ್ಲ ಭಾರ. ನಾಡಿನ ವ್ಯಾಪಾರಕ್ಕೆ ಅದೇ ಅಳತೆಯಾಗಿತ್ತು. ಈಗಿನ ಅಳತೆ ಬೇರೆ. ಅದನ್ನು ಮುಂದೆ ನೋಡೋಣ.

ನರಸಿಂಹರಾಜಪುರದವರಿಗೆ ರೈಲು ಹೊಸದಲ್ಲವೆಂಬುದನ್ನು ಇಂದಿನ ಮಕ್ಕಳು ಬಹುಮಟ್ಟಿಗೆ ಅರಿಯರು. ಆ ಊರಿನ ಹಳೆಯ ಹೆಸರು ಎಡೇಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗೆ 1915ರಲ್ಲಿ ಅದಕ್ಕೆ ಈಗಿನ ಹೆಸರಾಯಿತು. ಸುಮಾರು ಅದೇ ಕಾಲಕ್ಕೆ ತರೀಕೆರೆಯಿಂದ ಅಲ್ಲಿಯವರೆಗೆ ಎರಡಡಿ ಅಗಲದ ಪುಟ್ಟ ಹಳಿ ಬಂದಿತು. ಸುಮಾರು 27 ಮೈಲಿಯ ಮಾರ್ಗ. ಜನ ಅದನ್ನು ಟ್ರಾಂ ಎನ್ನುತ್ತಿದ್ದರು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ದೊಡ್ಡ ರೈಲು ಬಂದಿದ್ದರಿಂದ ಅದಕ್ಕೆ ಈ ಪುಟ್ಟ ಹಳಿಯನ್ನು ಸೇರಿಸಿ ಕಾಡಿನ ಒಳಮೈಯನ್ನು ಹೊರಗಿನ ಪೇಟೆಗೆ ತೆರೆದಂತಾಯಿತು. ಅದರಲ್ಲಿ ಜನರೂ ಹೋಗುತ್ತಿದ್ದರು, ನಿಜ. ಆದರೆ ಕಾಡಿನ ನಡುವೆ ಹಳಿ ಹಾಕುವ ಖರ್ಚನ್ನು ಯಾವ ಸರಕಾರವೂ ನಾಲ್ಕು ಜನ ಪ್ರಯಾಣಿಕರಿಗಾಗಿ ಹೊರುವುದಿಲ್ಲ. ಹಳಿಯನ್ನು ಕರೆದದ್ದು ಕಾಡಿನ ಮರ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದಾಗ ಕೆಮ್ಮಣ್ಣುಗುಂಡಿಯ ಅದಿರಿನ ಜೊತೆಗೆ ಸುತ್ತಿನ ಕಾಡುಗಳ ಸೌದೆಯೂ ಇದ್ದಿಲಾಗಿ ಅದರ ಒಲೆಗೆ ಬಿದ್ದಿತು. ಆ ಕಾರ್ಖಾನೆಯಿಂದ ನಾಡಿಗೆ ಉಪಕಾರವಾಗಿಲ್ಲವೆಂದು ಯಾರೂ ಹೇಳಲಾರರು. ವಿಶ್ವೇಶ್ವರಯ್ಯನವರ ದೂರದೃಷ್ಟಿಯನ್ನು ಹಳಿಯುವುದೂ ಇಲ್ಲಿನ ಉದ್ದೇಶವಲ್ಲ. ಗಮನಿಸತಕ್ಕದ್ದು ಇಷ್ಟು: ಆ ಹಳಿಯ ಮೇಲೆ ಹೊರಗೆ ಹೋದದ್ದು ಎಷ್ಟು, ಒಳಗೆ ಬಂದದ್ದು ಎಷ್ಟು ಎಂದು ಊರಿನವರು ಲೆಕ್ಕ ಕೇಳಿದ ದಾಖಲೆ ಇಲ್ಲ.

ಮುಂದೆ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟೆ ಬಂದಿತು. 1940ರ ದಶಕದ ಕೊನೆಗೆ ತೊಡಗಿದ ಕೆಲಸ 1960ರ ದಶಕದಲ್ಲಿ ಮುಗಿಯಿತು. ಟ್ರಾಂ ಆ ಜಲಾಶಯದ ಕಾಲಕ್ಕೆ ಇಲ್ಲವಾಯಿತು. ಅದರೊಡನೆ ನರಸಿಂಹರಾಜಪುರ ಸೀಮೆಯ ಹಳ್ಳಿಗಳೂ ಗದ್ದೆಗಳೂ ನೀರಿನಡಿಗೆ ಹೋದವು. ಆ ನೀರು ಇಂದು ದಾವಣಗೆರೆಯ ಕಡೆಯ ಭತ್ತವನ್ನು ಬೆಳೆಸುತ್ತಿದೆ. ಒಂದು ಸೀಮೆಯ ಜನ ಅರ್ಧ ಶತಮಾನದೊಳಗೆ ಮೊದಲು ಮರವನ್ನೂ ಆಮೇಲೆ ನೆಲವನ್ನೂ ಕೊಟ್ಟು, ಕಡೆಗೆ ಬಂದಿದ್ದ ಹಳಿಯನ್ನೂ ಕಳೆದುಕೊಂಡ ಉದಾಹರಣೆ ಬೇರೆಡೆ ಸುಲಭವಾಗಿ ಸಿಕ್ಕಲಾರದು.

ಭದ್ರೆಯ ತವರಿನ ಕಡೆಗೂ ಕಣ್ಣು ಹಾಯಿಸಬೇಕು. ಕುದುರೆಮುಖದ ಗಣಿಗೆ ರೈಲೇ ಬೇಕಾಗಲಿಲ್ಲ. ಅದಿರನ್ನು ಪುಡಿಮಾಡಿ ನೀರಿನಲ್ಲಿ ಕದಡಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಸಿದರು. ಗಣಿಯ ಹೂಳು ಹೊಳೆಗೆ ಇಳಿಯುತ್ತದೆಂಬ ದೂರು ಕೆಳಗಿನ ಊರುಗಳಿಂದ ಎದ್ದು, ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2005ರ ಡಿಸೆಂಬರ್ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿಯ ಜೊತೆಗೇ ಹುಟ್ಟಿದ್ದ ಪಟ್ಟಣ ಗಣಿಯ ಜೊತೆಗೇ ಬರಿದಾಯಿತು. ಸರಕಿನ ಮೇಲೆ ಮಾತ್ರ ನಿಂತ ಊರು ಸರಕು ನಿಂತ ದಿನ ಏನಾಗುತ್ತದೆಂಬುದಕ್ಕೆ ದೂರದ ದೇಶಗಳ ನಿದರ್ಶನ ಹುಡುಕಬೇಕಾಗಿಲ್ಲ.

ಇನ್ನು ಈಗಿನ ವಿಷಯ. 2021ರ ಡಿಸೆಂಬರಿನಲ್ಲಿ ಕೇಂದ್ರದ ರೈಲ್ವೆ ಇಲಾಖೆ 'ಗತಿಶಕ್ತಿ' ಹೆಸರಿನ ಸರಕು ನಿಲ್ದಾಣಗಳ ಹೊಸ ನೀತಿಯನ್ನು ಹೊರಡಿಸಿತು. ಅದರಂತೆ ರೈಲ್ವೆಯ ನೆಲದಲ್ಲಾಗಲಿ ಖಾಸಗಿಯವರ ಸ್ವಂತ ನೆಲದಲ್ಲಾಗಲಿ, ಹಳಿಯ ಸಮೀಪ ಖಾಸಗಿ ಉದ್ಯಮಿಗಳು ಇಂಥ ನಿಲ್ದಾಣಗಳನ್ನು ಕಟ್ಟಬಹುದು. ಇದಕ್ಕೆ ಹೊರತಾಗಿ ಬಹುವಿಧ ಸಾಗಣೆಯ ದೊಡ್ಡ ಸರಕು ಉದ್ಯಾನಗಳ ಯೋಜನೆಯೂ ಇದೆ. ಬೆಂಗಳೂರು ಗ್ರಾಮಾಂತರದಲ್ಲಿ ಡಾಬಸ್‌ಪೇಟೆಯ ಸಮೀಪ ಮುದ್ದಲಿಂಗನಹಳ್ಳಿಯ ಬಳಿ ಸುಮಾರು 400 ಎಕರೆಯಲ್ಲಿ ಅಂಥದೊಂದಕ್ಕೆ 2022ರ ಜೂನಿನಲ್ಲಿ ಅಡಿಗಲ್ಲು ಬಿದ್ದಿತು. ('ಉದ್ಯಾನ' ಎಂಬ ಮಾತು ಹೂವು ಹಣ್ಣುಗಳನ್ನು ಬಿಟ್ಟು ಲಾರಿ, ಕಂಟೈನರುಗಳಿಗೆ ಯಾವಾಗ ಒಲಿಯಿತೋ ನಿಘಂಟುಕಾರರು ವಿಚಾರಿಸಬೇಕು.) ನಾಡಿಗೆ ಇವು ಬೇಡವೆಂದಲ್ಲ. ಒಂದು ಟನ್ ಸರಕನ್ನು ಲಾರಿಯಲ್ಲಿ ಒಯ್ಯುವುದಕ್ಕಿಂತ ರೈಲಿನಲ್ಲಿ ಒಯ್ದರೆ ಇಂಧನ ಕಡಿಮೆ, ಹೊಗೆ ಕಡಿಮೆ. ಭಾರದ ಲಾರಿಗಳ ಹಾವಳಿಗೆ ಆಗುಂಬೆ, ಚಾರ್ಮಾಡಿ ಘಟ್ಟಗಳ ತಿರುವುಗಳು ಮಳೆಗಾಲದಲ್ಲಿ ಪಡುವ ಪಾಡನ್ನು ಕಂಡವರು ಇದನ್ನು ಅಲ್ಲಗಳೆಯರು. ವಿವಾದವಿರುವುದು ರೈಲು ಹೌದೋ ಅಲ್ಲವೋ ಎಂಬಲ್ಲಿ ಅಲ್ಲ; ಎಲ್ಲಿ, ಯಾರ ನೆಲದಲ್ಲಿ, ಯಾರ ಸರಕಿಗೆ, ಯಾರನ್ನು ಕೇಳಿ ಎಂಬಲ್ಲಿ.

ಎಲ್ಲಿ ಎಂಬುದನ್ನು ಮೊದಲು ನೋಡತಕ್ಕದ್ದು. ಸರಕು ರೈಲಿನ ಒಂದು ಪೂರ್ಣ ಸಾಲಿಗೆ ರೇಕು ಎನ್ನುತ್ತಾರೆ. ಮುಚ್ಚಿದ ಡಬ್ಬಿಗಳ ರೇಕಿನಲ್ಲಿ ಸಾಮಾನ್ಯವಾಗಿ 42 ಡಬ್ಬಿ. ಉದ್ದ ಸುಮಾರು 650 ಮೀಟರ್. ಆ ಉದ್ದಕ್ಕೂ ಹಳಿ ನೇರವಾಗಿರಬೇಕು, ಮಟ್ಟವಾಗಿಯೂ ಇರಬೇಕು. ಘಟ್ಟದ ದಾರಿಯಲ್ಲಿ ರೈಲು ಐವತ್ತು ಅಡಿಗೆ ಒಂದಡಿ ಏರಬಹುದಾದರೂ ನಿಲ್ದಾಣದೊಳಗೆ ನಾನೂರು ಅಡಿಗೆ ಒಂದಡಿಗಿಂತ ಹೆಚ್ಚು ಇಳಿಜಾರು ಕೂಡದು; ಸಾವಿರದಿನ್ನೂರು ಅಡಿಗೆ ಒಂದಡಿ ಮೇಲೆಂದು ರೈಲ್ವೆಯವರ ನಿಯಮ. ನಿಂತ ಡಬ್ಬಿ ತಾನಾಗಿ ಉರುಳಿಹೋಗಬಾರದಷ್ಟೆ. ಹೀಗೆ ಅರ್ಧ ಮೈಲಿಯಷ್ಟು ಉದ್ದದ, ಎರಡು ಮೂರು ಹಳಿಗಳು, ಉಗ್ರಾಣ, ಲಾರಿಗಳು ಸಾಲುಗಟ್ಟುವ ಅಂಗಳ ಇಷ್ಟೂ ಹಿಡಿಸುವ ಮಟ್ಟಸವಾದ ನೆಲ ಕೊಪ್ಪ, ಶೃಂಗೇರಿ ಸೀಮೆಯಲ್ಲಿ ಎಲ್ಲಿದೆ? ಗುಡ್ಡದ ಮೇಲೆ ಇಲ್ಲ, ಗುಡ್ಡದ ಓರೆಯ ಕಾಫಿತೋಟದಲ್ಲೂ ಇಲ್ಲ. ಇರುವುದು ಎರಡು ಗುಡ್ಡಗಳ ನಡುವಿನ ಗದ್ದೆಬಯಲಿನಲ್ಲಿ, ಹಳ್ಳದ ದಂಡೆಯಲ್ಲಿ. ಯಾವ ಇಂಜಿನಿಯರೂ ದುರುದ್ದೇಶದಿಂದ ಗದ್ದೆಯನ್ನು ಆರಿಸಬೇಕಾಗಿಲ್ಲ. ಮಲೆನಾಡಿನ ನೆಲದ ಆಕಾರವೇ ಅವನ ಬೆರಳನ್ನು ಗದ್ದೆಯ ಮೇಲೆ ಇರಿಸುತ್ತದೆ. ಗುಡ್ಡದಿಂದ ಇಳಿದ ನೀರು ನಿಂತು, ಇಂಗಿ, ಬೇಸಗೆಯಲ್ಲಿ ಕೆಳಗಿನ ತೋಟದ ಬಾವಿಗೆ ಊಟೆಯಾಗುವುದು ಆ ಗದ್ದೆಯಲ್ಲಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರು ಮೀರಿ ಮಳೆ ಸುರಿಯುವ ಶೃಂಗೇರಿಯಂಥ ಕಡೆ ಅಂಥ ಬಯಲಿಗೆ ಕಾಂಕ್ರೀಟು ಹಾಸಿದರೆ ನೀರು ಬೇರೆ ದಾರಿಯನ್ನು ಹುಡುಕಿಯೇ ತೀರುತ್ತದೆ. ಸಕಲೇಶಪುರ, ಸುಬ್ರಹ್ಮಣ್ಯಗಳ ನಡುವೆ 57 ಸುರಂಗಗಳ ಘಟ್ಟದ ಮಾರ್ಗವಿದೆಯಷ್ಟೆ. 2018ರಲ್ಲಿಯೂ 2024ರ ಜುಲೈ ತಿಂಗಳಿನಲ್ಲಿಯೂ ಅಲ್ಲಿ ಮಣ್ಣು ಕುಸಿದು ರೈಲು ದಿನಗಟ್ಟಲೆ ನಿಂತದ್ದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು.

ಯಾರ ಸರಕಿಗೆ ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ. 42 ಡಬ್ಬಿಗಳ ಆ ರೇಕು ಸುಮಾರು 2,600 ಟನ್ ಹೊರುತ್ತದೆ, ಅಂದರೆ 26,000 ಕ್ವಿಂಟಲ್. ಒಳ್ಳೆಯ ತೋಟದಲ್ಲಿ ಎಕರೆಗೆ ಎಂಟು ಹತ್ತು ಕ್ವಿಂಟಲ್ ಒಣ ಅಡಿಕೆ ಎಂದು ಹಿಡಿದರೂ ಒಂದು ರೇಕನ್ನು ತುಂಬಿಸಲು ಸುಮಾರು ಮೂರು ಸಾವಿರ ಎಕರೆಯ ವರ್ಷದ ಬೆಳೆ ಒಂದೇ ದಿನ ಒಂದೇ ಕಡೆ ಬಂದು ಬೀಳಬೇಕು. ಹಳದಿ ಎಲೆ ರೋಗವೂ ಎಲೆಚುಕ್ಕಿ ರೋಗವೂ ತಿಂದುಳಿದ ತೋಟಗಳಲ್ಲಿ ಎಂಟು ಕ್ವಿಂಟಲ್ ಎಲ್ಲಿಯದು! ಅದಲ್ಲದೆ ಅಡಿಕೆಯನ್ನು ಬೆಳೆಗಾರ ಒಂದೇ ದಿನ ಮಾರುವವನಲ್ಲ. ದರ ನೋಡಿ, ಮದುವೆ ನೋಡಿ, ಮಗನ ಕಾಲೇಜಿನ ಶುಲ್ಕ ನೋಡಿ, ನಾಲ್ಕು ಮೂಟೆಯಂತೆ ಮಂಡಿಗೋ ಮಾಮ್‌ಕೋಸಿಗೋ ಒಯ್ಯುವವನು. ಕಾಫಿ, ಮೆಣಸು, ಏಲಕ್ಕಿಗಳೂ ಹೀಗೆಯೇ: ಬೆಲೆ ಹೆಚ್ಚು, ಗಾತ್ರ ಕಡಿಮೆ. ಇಂಥ ಬೆಳೆಗೆ ಲಾರಿಯೇ ಅನುಕೂಲ. ಮನೆಯ ಅಂಗಳದಿಂದ ಕೊಳ್ಳುವವನ ಗೋದಾಮಿನವರೆಗೆ ಒಂದೇ ಬಾರಿ ಏರಿಸಿ ಒಂದೇ ಬಾರಿ ಇಳಿಸಿದರಾಯಿತು. ರೈಲಿಗಾದರೆ ನಾಲ್ಕು ಸಲ ಏರಿಳಿತ.

ಒಳಬರುವ ಸರಕುಂಟಲ್ಲ ಎನ್ನಬಹುದು. ಗೊಬ್ಬರ, ಸಿಮೆಂಟು, ಪಡಿತರದ ಅಕ್ಕಿ, ಕೊಳೆರೋಗಕ್ಕೆ ಬೇಕಾದ ಮೈಲುತುತ್ತ, ಸುಣ್ಣ ಇವೆಲ್ಲ ಬರುತ್ತವೆ, ಸರಿ. ಒಂದು ರೇಕಿನ ಗೊಬ್ಬರ ಹತ್ತು ಟನ್ನಿನ 260 ಲಾರಿಗಳ ಭಾರ. ಅದು ಶಿವಮೊಗ್ಗದಂಥ ದೊಡ್ಡ ಜಿಲ್ಲಾಕೇಂದ್ರಕ್ಕೆ ಬಂದು ಹತ್ತು ತಾಲ್ಲೂಕುಗಳಿಗೆ ಹಂಚಿಹೋದರೆ ತಕ್ಕದ್ದು. ಎರಡು ಮೂರು ತಾಲ್ಲೂಕುಗಳಿಗಾಗಿ ವಾರಕ್ಕೊಂದು ರೇಕು ಬರಲಾರದು. ಹಾಗಾದರೆ ನಮ್ಮ ಬಯಲಿನಲ್ಲಿ ಕಟ್ಟಿದ ನಿಲ್ದಾಣ ಯಾವುದರ ಮೇಲೆ ಬದುಕಬೇಕು? ಕರಾವಳಿಯಿಂದ ಒಳನಾಡಿಗೆ ಏರುವ ಕಲ್ಲಿದ್ದಲು, ಒಳನಾಡಿನಿಂದ ಕರಾವಳಿಗೆ ಇಳಿಯುವ ಅದಿರು, ದಾರಿಯ ನಡುವೆ ಇಳಿಸಿ ಮತ್ತೆ ಏರಿಸುವ ಪರರ ಸರಕು, ಇವುಗಳ ಮೇಲೆಯೇ. ದೂಳು ನಮ್ಮದು, ಲಾಭ ಮತ್ತೊಬ್ಬರದು. ಉಗ್ರಾಣದ ಅಂಗಳದಿಂದ ಮಳೆಗೆ ತೊಳೆದುಹೋದ ಗೊಬ್ಬರವೂ ಇದ್ದಿಲ ಕಪ್ಪೂ ಮೊದಲು ಸೇರುವುದು ಹಳ್ಳವನ್ನು, ಆಮೇಲೆ ತುಂಗೆಯನ್ನೋ ಭದ್ರೆಯನ್ನೋ. ಶೃಂಗೇರಿಯ ಮೀನುಗಳಿಗೆ ಅಕ್ಕಿ ಹಾಕಿ ಕೈಮುಗಿಯುವ ಭಕ್ತರು ಈ ಹಳ್ಳಗಳ ವಿಷಯವನ್ನೂ ಸ್ವಲ್ಪ ಚಿಂತಿಸಿದರೆ ಒಳ್ಳೆಯದು.

ಸರಕಿನ ಹೆಸರಿನಲ್ಲಿ ಮಾಡುವ ಲೆಕ್ಕ ಎಷ್ಟು ಬೇಗ ಹುಸಿಯಾಗುತ್ತದೆಂಬುದಕ್ಕೆ ಹುಬ್ಬಳ್ಳಿ ಅಂಕೋಲಾ ಮಾರ್ಗದ ಕಥೆಯೇ ಸಾಕು. 1990ರ ದಶಕದಲ್ಲಿ ಮಂಜೂರಾದ ಆ ಮಾರ್ಗಕ್ಕೆ ಮುಖ್ಯ ಆಧಾರ ಬಳ್ಳಾರಿ ಹೊಸಪೇಟೆಗಳ ಅದಿರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆದಾಗ ಆ ಲೆಕ್ಕದ ಬುಡ ಅಲುಗಿತು. ಉತ್ತರ ಕನ್ನಡದ ದಟ್ಟ ಕಾಡು ಮಾತ್ರ ಪತ್ರಗಳ ಮೇಲೆ ಪತ್ರಗಳಲ್ಲಿ ಅಳೆಯಲ್ಪಡುತ್ತಲೇ ಇದೆ. ಕ್ಯಾಸಲ್‌ರಾಕಿನಿಂದ ಗೋವೆಯ ಕುಳೆಯವರೆಗೆ ಹಳಿಯನ್ನು ಜೋಡಿಮಾಡುವುದು ಕಲ್ಲಿದ್ದಲಿಗಾಗಿ ಎಂದು ಅಲ್ಲಿನ ಜನ ಬೀದಿಗಿಳಿದರು. 2022ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ಕೊಟ್ಟಿದ್ದ ವನ್ಯಜೀವಿ ಮಂಡಲಿಯ ಒಪ್ಪಿಗೆಯನ್ನು ರದ್ದುಪಡಿಸಿತು. ಭದ್ರಾ ಅಭಯಾರಣ್ಯದ ಅಂಚಿನಲ್ಲಿ ಈಗಾಗಲೇ ಆನೆ ಮನುಷ್ಯರ ನಡುವೆ ನೆಮ್ಮದಿಯಿಲ್ಲದ ನರಸಿಂಹರಾಜಪುರ, ಬಾಳೆಹೊನ್ನೂರು ಕಡೆಯವರಿಗೆ, ಆನೆಯ ದಾರಿಗೆ ಅಡ್ಡವಾಗಿ ಹಗಲಿರುಳೂ ಓಡುವ ಸರಕು ರೈಲೆಂದರೇನೆಂದು ಹೆಚ್ಚು ವಿವರಿಸಬೇಕಾಗಿಲ್ಲ.

ಯಾರನ್ನು ಕೇಳಿ ಎಂಬ ಪ್ರಶ್ನೆಗೆ ಬಂದರೆ ಕಾನೂನು ಸ್ವಲ್ಪ ಬಿಗಿಯಾಗಿ ಓದಬೇಕಾದ ವಿಷಯ. 2013ರ ಭೂಸ್ವಾಧೀನ ಕಾಯಿದೆ ನೆಲ ಕಳೆದುಕೊಳ್ಳುವವರಿಗೆ ಪರಿಹಾರವನ್ನು ಹೆಚ್ಚಿಸಿತು. ಯೋಜನೆಯಿಂದ ಊರಿನ ಬದುಕಿಗೆ ಏನಾಗುತ್ತದೆಂದು ಮೊದಲೇ ಅಧ್ಯಯನ ಮಾಡಿ ಜನರೆದುರು ಇಡಬೇಕೆಂದೂ ವಿಧಿಸಿತು. ಆದರೆ 1989ರ ರೈಲ್ವೆ ಕಾಯಿದೆಗೆ 2008ರಲ್ಲಿ ತಿದ್ದುಪಡಿಯಾಗಿ, ಸರಕಾರ 'ವಿಶೇಷ ರೈಲ್ವೆ ಯೋಜನೆ' ಎಂದು ಕರೆದ ಕೆಲಸಗಳಿಗೆ ಆ ಕಾಯಿದೆಯಡಿಯಲ್ಲಿಯೇ ನೆಲ ತೆಗೆದುಕೊಳ್ಳಬಹುದಾಗಿದೆ. ಅಲ್ಲಿ ಪರಿಹಾರ 2013ರ ಕಾಯಿದೆಯ ಲೆಕ್ಕದಂತೆ ಸಿಕ್ಕರೂ ಸಾಮಾಜಿಕ ಪರಿಣಾಮದ ಅಧ್ಯಯನ ಕಡ್ಡಾಯವಲ್ಲ. ಅಧಿಸೂಚನೆ ಹೊರಟ ಮೂವತ್ತು ದಿನಗಳೊಳಗೆ ನೆಲದಲ್ಲಿ ಹಕ್ಕುಳ್ಳವನು ಆಕ್ಷೇಪಣೆ ಸಲ್ಲಿಸಬೇಕು. ಅಧಿಕಾರಿ ಕೇಳಿ ಕೊಟ್ಟ ಆಜ್ಞೆಯೇ ಕೊನೆಯದು. ಅಧಿಸೂಚನೆಯ ಸಾರ ಎರಡು ಪತ್ರಿಕೆಗಳಲ್ಲಿ ಬರಬೇಕು, ಅವುಗಳಲ್ಲಿ ಒಂದು ದೇಶಭಾಷೆಯದಾಗಿರಬೇಕೆಂಬುದೊಂದು ಸಮಾಧಾನ. ರೈಲುಮಾರ್ಗಗಳು 2006ರ ಪರಿಸರ ಅನುಮೋದನೆಯ ಪಟ್ಟಿಯಲ್ಲಿಯೇ ಇಲ್ಲ. ಅರಣ್ಯಭೂಮಿ ತಗುಲಿದಾಗ ಮಾತ್ರ ಅರಣ್ಯ ಕಾಯಿದೆಯ ಒಪ್ಪಿಗೆ ಬೇಕು. ಇನ್ನು ಖಾಸಗಿಯವನೇ ನೆಲ ಕೊಂಡು ನಿಲ್ದಾಣ ಕಟ್ಟುವುದಾದರೆ ಅಧಿಸೂಚನೆಯ ಪ್ರಶ್ನೆಯೇ ಏಳದು. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ಹೋದ ಮೇಲೆ ಕೃಷಿಭೂಮಿಯನ್ನು ಕೃಷಿಕನಲ್ಲದವನೂ ಕೊಳ್ಳಬಹುದು. ದಳ್ಳಾಳಿ ಮನೆಮನೆಗೆ ಬಂದು, ಕಷ್ಟದಲ್ಲಿರುವವನನ್ನು ಮೊದಲು ಒಪ್ಪಿಸಿ, ಬಯಲಿನ ನಡುವಿನ ಎರಡು ತುಂಡು ಕೊಂಡನೆಂದರೆ ಅಕ್ಕಪಕ್ಕದವರ ನೀರಿನ ಕಾಲುವೆಯೂ ಗಾಡಿಯ ದಾರಿಯೂ ಅವನ ಕೈಗೆ ಹೋದಂತೆಯೇ. ಆಮೇಲೆ ಉಳಿದವರು ಮಾರುವುದು ಇಚ್ಛೆಯಿಂದಲ್ಲ.

ಪರಿಹಾರದ ಮಾತಿನಲ್ಲೂ ಮಲೆನಾಡಿಗೆ ಒಂದು ವಿಶೇಷ ತೊಡಕುಂಟು. ಪಹಣಿಯಲ್ಲಿ ಹೆಸರಿರುವ ಗದ್ದೆ, ತೋಟಗಳಿಗೆ ಹಣ ಬಂದೀತು. ತೋಟ ನಿಂತಿರುವುದು ತೋಟದ ಮೇಲೆ ಮಾತ್ರವಲ್ಲ. ಸೊಪ್ಪಿನಬೆಟ್ಟದಿಂದ ಸೊಪ್ಪು, ಕಾನಿನಿಂದ ದರಗು, ಗೋಮಾಳದಿಂದ ಗೊಬ್ಬರ ಬಂದರೆ ತೋಟ. ಬೆಟ್ಟ ಸರಕಾರದ್ದು, ಬಳಕೆಯ ಹಕ್ಕು ರೈತನದು. ಹಳಿ ಅಡ್ಡ ಬಂದು ಬೆಟ್ಟ ಆಚೆಗಾದರೆ ಆ ನಷ್ಟವನ್ನು ಯಾವ ಕಲಮಿನಲ್ಲಿ ಬರೆಯುವುದು? ಬಗರ್‌ಹುಕುಂ ಸಾಗುವಳಿದಾರರ ಸ್ಥಿತಿಯಂತೂ ಇನ್ನೂ ಕಷ್ಟ. ನಮೂನೆ 50, 53, 57 ಎಂದು ಮೂರು ತಲೆಮಾರಿನ ಅರ್ಜಿಗಳನ್ನು ಕೊಟ್ಟು ಕಾಯುತ್ತಿರುವವನಿಗೆ ಹಕ್ಕುಪತ್ರ ಬರುವ ಮೊದಲೇ ಅಳತೆಯ ಸರಪಳಿ ಬಂದರೆ, ಅವನು ಕಾನೂನಿನ ಕಣ್ಣಿಗೆ ಅಲ್ಲಿ ಇಲ್ಲವೇ ಇಲ್ಲ. ಸ್ಥಳಾಂತರವೆಲ್ಲವೂ ಕೆಟ್ಟದ್ದೆಂದು ಹೇಳಲಾಗದು. 2001, 2002ರಲ್ಲಿ ಭದ್ರಾ ಅಭಯಾರಣ್ಯದ ಒಳಗಿನ ಹಳ್ಳಿಗಳವರನ್ನು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೂ ಮೂಡಿಗೆರೆ ತಾಲ್ಲೂಕಿನ ಕೆಳಗೂರಿಗೂ ಸಾಗಿಸಿದಾಗ ಸಾಗುವಳಿಗೆ ಭೂಮಿಯನ್ನೇ ಕೊಟ್ಟರು. ದೇಶದಲ್ಲಿ ಅಂಥ ಕೆಲಸ ಹೇಗೆ ನಡೆಯಬೇಕೆಂಬುದಕ್ಕೆ ಅದನ್ನು ಮಾದರಿಯಾಗಿ ಹೇಳುವವರಿದ್ದಾರೆ. ಭೂಮಿಗೆ ಭೂಮಿ ಎಂಬ ನ್ಯಾಯ ಹುಲಿಯ ಹೆಸರಿನಲ್ಲಿ ಸಾಧ್ಯವಾದದ್ದು ಸರಕಿನ ಹೆಸರಿನಲ್ಲಿ ಏಕಾಗದು?

ಪರದೇಶದ ಒಂದು ಸಂಗತಿಯನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗದು. ಇಂಗ್ಲೆಂಡಿನಲ್ಲಿ 60 ಹೆಕ್ಟೇರಿಗೆ ಕಡಿಮೆಯಿಲ್ಲದ, ದಿನಕ್ಕೆ ನಾಲ್ಕು ಸರಕು ರೈಲುಗಳನ್ನಾದರೂ ಹಿಡಿಸಬಲ್ಲ ನಿಲ್ದಾಣವನ್ನು 2008ರ ಒಂದು ಕಾಯಿದೆ ರಾಷ್ಟ್ರೀಯ ಮಹತ್ವದ್ದೆಂದು ಎಣಿಸುತ್ತದೆ. ಹಾಗೆ ಎಣಿಸಿಯೂ ತಜ್ಞರು ತಿಂಗಳುಗಟ್ಟಲೆ ಬಹಿರಂಗ ವಿಚಾರಣೆ ನಡೆಸಬೇಕು. ಹೆಸರು ನೋಂದಾಯಿಸಿದ ಯಾವ ಗ್ರಾಮಸ್ಥನಾದರೂ ಬಂದು ವಾದಿಸಬಹುದು. ಲೀಸ್ಟರ್‌ಶೈರಿನ ಹಿಂಕ್ಲಿ ಎಂಬ ಊರಿನ ಬಳಿ ಇಂಥದೊಂದು ನಿಲ್ದಾಣದ ಪ್ರಸ್ತಾಪ ಬಂದಾಗ ಸುತ್ತಿನ ಹಳ್ಳಿಯವರು ಎತ್ತಿದ್ದು ದೊಡ್ಡ ತತ್ತ್ವಗಳನ್ನಲ್ಲ: ಇಕ್ಕಟ್ಟಿನ ಹಳ್ಳಿಬೀದಿಯಲ್ಲಿ ಭಾರದ ಲಾರಿಗಳು ಹೇಗೆ ತಿರುಗಬೇಕು, ರೈಲುಗೇಟು ಎಷ್ಟು ಹೊತ್ತು ಮುಚ್ಚಿರಬೇಕು ಎಂಬ ಚಿಕ್ಕ ಪ್ರಶ್ನೆಗಳನ್ನು. 2025ರ ಮಾರ್ಚಿಯಲ್ಲಿ ಅಲ್ಲಿನ ಮಂತ್ರಿಗಳು ಆ ಪ್ರಸ್ತಾಪವನ್ನು ತಿರಸ್ಕರಿಸಿದರು. ನಮ್ಮವರು ಪರಿಹಾರದ ಮೊತ್ತಕ್ಕೆ ಕೂಗಾಡುವಷ್ಟು ಗೇಟಿನ ವಿಷಯಕ್ಕೆ ಕೂಗಾಡುವುದಿಲ್ಲ. ಆದರೆ ಹೆರಿಗೆಯ ನೋವಿನ ಹೆಂಗಸನ್ನು ಹೊತ್ತ ಜೀಪು 42 ಡಬ್ಬಿಗಳು ನಿಧಾನವಾಗಿ ಸರಿಯುವವರೆಗೆ ಗೇಟಿನ ಮುಂದೆ ನಿಂತಾಗ, ಮೊತ್ತದ ಲೆಕ್ಕ ಯಾರಿಗೂ ನೆನಪಾಗದು.

ಊರ ಹುಡುಗರಿಗೆ ಕೆಲಸ ಸಿಗುತ್ತದೆಂಬ ಆಸೆಯನ್ನು ತಳ್ಳಿಹಾಕುವುದು ಅನ್ಯಾಯವಾದೀತು. ಕೆಲಸವಿಲ್ಲದೆ ಬೆಂಗಳೂರಿಗೆ ಹೋದ ಮಕ್ಕಳ ಮನೆಗಳು ಮಲೆನಾಡಿನಲ್ಲಿ ಬೀಗ ಬಿದ್ದು ನಿಂತಿವೆ. ಆದರೆ ಸರಕು ನಿಲ್ದಾಣದ ಕೆಲಸವೆಂದರೆ ಬಹುಮಟ್ಟಿಗೆ ಹಮಾಲಿ. ರೇಕು ಬಂದು ನಿಂತ ಗಳಿಗೆಯಿಂದ ಇಳಿಸಲು ಕೆಲವೇ ಗಂಟೆಗಳ ಗಡುವು. ಮೀರಿದರೆ ಸರಕಿನವನಿಗೆ ದಂಡ. ಆದ್ದರಿಂದ ನಡುರಾತ್ರಿಯಾದರೂ ಮಳೆಯಾದರೂ ಬೆನ್ನು ಬಾಗಿಸಲೇಬೇಕು. ಕಾಯಕಕ್ಕೆ ಮೇಲುಕೀಳಿಲ್ಲವೆಂದು ಸಾರಿದ ಪರಂಪರೆಯಲ್ಲಿ ಹಮಾಲಿಯನ್ನು ಯಾರೂ ಹೀನೈಸುವಂತಿಲ್ಲ. ಹೀನೈಸದೆ ಇರುವವರು ಆ ಹಮಾಲನಿಗೆ ನೆರಳು, ಕುಡಿಯುವ ನೀರು, ವಿಮೆ, ರಾತ್ರಿಯ ಊಟ ಉಂಟೇ ಎಂದೂ ಕೇಳಬೇಕಾಗುತ್ತದೆ. ಮುಂದೆ ಯಂತ್ರ ಬಂದು ಮೂಟೆಯ ಬದಲು ಕಂಟೈನರು ಎತ್ತತೊಡಗಿದರೆ ಆ ಕೆಲಸವೂ ಕೆಲವರಿಗೆ ಮಾತ್ರ.

ಸಾಗಣೆಯ ವಿಚಾರದಲ್ಲಿ ಈ ಸೀಮೆ ಯಾರಿಂದಲೂ ಪಾಠ ಕಲಿಯಬೇಕಾಗಿಲ್ಲ ಎಂದು ಅಭಿಮಾನದಿಂದ ಹೇಳಬಹುದಾದ ಒಂದು ಅಧ್ಯಾಯ ಕೊಪ್ಪದಲ್ಲಿಯೇ ನಡೆಯಿತು. ಮುಚ್ಚಿಹೋದ ಬಸ್ಸು ಕಂಪೆನಿಯೊಂದರ ಕಾರ್ಮಿಕರು 1991ರಲ್ಲಿ ಕೂಡಿಕೊಂಡು ಸಹಕಾರ ಸಾರಿಗೆಯನ್ನು ಕಟ್ಟಿದರು. ಚಾಲಕನೇ ಮಾಲಿಕ, ನಿರ್ವಾಹಕನೇ ಮಾಲಿಕ. ಕಾಡಿನ ಮೂಲೆಯ ಒಂಟಿಮನೆಯ ಶಾಲೆಮಕ್ಕಳಿಗೂ ನಿಲ್ಲಿಸುತ್ತಿದ್ದ ಆ ಬಸ್ಸುಗಳು ಸುಮಾರು ಮೂರು ದಶಕ ಓಡಿ, ನಷ್ಟ ತಾಳಲಾರದೆ 2020ರಲ್ಲಿ ನಿಂತವು. ನಿಂತುದನ್ನೇ ಹಿಡಿದು ಆಡಿಕೊಳ್ಳುವವರಿದ್ದಾರೆ. ಅವರಿಗೆ ಕೇಳಬೇಕಾದದ್ದು, ಆ ಸಂಘಕ್ಕೆ ತೋರದ ಔದಾರ್ಯವನ್ನು ಸರಕಾರ ದೂರದ ಉದ್ಯಮಿಯ ನಿಲ್ದಾಣಕ್ಕೆ ಏಕೆ ತೋರಬೇಕೆಂಬುದು.

ಇಷ್ಟರಿಂದ ಹೊರಡುವ ಅಭಿಪ್ರಾಯ ಇದು. ಜನರು ಹೋಗುವ ರೈಲು ಶೃಂಗೇರಿಗೆ ಬರುವುದಾದರೆ ಅದರ ದಾರಿ, ಸುರಂಗ, ಕಾಡು ಇವುಗಳ ಗುಣದೋಷವನ್ನು ಪ್ರತ್ಯೇಕವಾಗಿ ತೂಗಲಿ. ಸರಕು ನಿಲ್ದಾಣವನ್ನು ಮಾತ್ರ ಈಗಾಗಲೇ ಹಳಿಯಿರುವ, ನೆಲ ಸಹಜವಾಗಿ ಮಟ್ಟವಾಗಿರುವ ಕಡೂರು, ಬೀರೂರು, ತರೀಕೆರೆ, ಶಿವಮೊಗ್ಗಗಳ ಕಡೆಯೇ, ರೈಲ್ವೆಯ ಸ್ವಂತ ನೆಲದಲ್ಲಿ ಮೊದಲು ಬೆಳೆಸಲಿ. ಅಲ್ಲಿಂದ ಮಲೆನಾಡಿನ ಸೊಸೈಟಿಗಳ ಬಾಗಿಲವರೆಗೆ ಸಣ್ಣ ಲಾರಿಗಳ ಏರ್ಪಾಡಾದರೆ ಗೊಬ್ಬರವೂ ಸಕಾಲಕ್ಕೆ ಬರುತ್ತದೆ, ಗದ್ದೆಯೂ ಉಳಿಯುತ್ತದೆ. ಬಯಲುಸೀಮೆಯ ರೈತನ ನೆಲ ಮಾತ್ರ ಅಗ್ಗವೇ ಎಂದು ತರೀಕೆರೆಯವರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕಾಗಿಯೇ ರೈಲ್ವೆಯ ಸ್ವಂತ ನೆಲ ಎಂದದ್ದು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಗಾಗಿ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತು, 2025ರ ಜುಲೈ ತಿಂಗಳಿನಲ್ಲಿ ಸರಕಾರ ಸ್ವಾಧೀನವನ್ನು ಕೈಬಿಟ್ಟಿತು. ಅಂಥ ಮೂರು ವರ್ಷಗಳನ್ನು ಯಾವ ಊರಿನವರ ಹಣೆಯಲ್ಲೂ ಬರೆಯಬಾರದು.

ಮಠದ ಶಾಲೆಯ ಸಂಚಿಕೆಯಲ್ಲಿ ಇದೇಕೆ ಎಂದು ದಾನಿಗಳಲ್ಲಿ ಕೆಲವರಿಗೆ ಅನ್ನಿಸಬಹುದು. ಅವರಲ್ಲಿ ತೋಟದವರೂ ಉಂಟು, ಮಂಡಿಯವರೂ ಉಂಟು, ಲಾರಿಯ ಮಾಲಿಕರೂ ಉಂಟು. ಒಬ್ಬರ ಲಾಭ ಮತ್ತೊಬ್ಬರ ನಷ್ಟವಾಗುವ ವಿಷಯ ಇದು. ಹಾಗಿರುವುದರಿಂದಲೇ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವ ಸ್ಥಳದಲ್ಲಿ ಇದರ ಮಾತಾಗಬೇಕು. ಶಾಲೆಯಿಂದ ಆಗಬಹುದಾದ ಕೆಲಸಗಳೂ ಉಂಟು. ಹತ್ತನೆಯ ತರಗತಿ ಮುಗಿಸಿದ ಹುಡುಗನಿಗೆ ಹಳಗನ್ನಡದ ಪದ್ಯವನ್ನು ಅನ್ವಯಿಸಲು ಬರುತ್ತದೆ, ತಂದೆಯ ಪಹಣಿಯ ಕಲಮುಗಳನ್ನು ಓದಲು ಬರುವುದಿಲ್ಲ. ಉಪಾಧ್ಯಾಯರು ವರ್ಷಕ್ಕೆ ಎರಡು ಪಾಠವನ್ನು ಪಹಣಿಗೂ ಅಧಿಸೂಚನೆಯ ಭಾಷೆಗೂ ಮೀಸಲಿಟ್ಟರೆ ವ್ಯಾಕರಣಕ್ಕೆ ನಷ್ಟವಿಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರಿದ್ದಾರೆ, ರೈಲ್ವೆಯಲ್ಲಿ ಸೇವೆ ಸಲ್ಲಿಸಿದವರೂ ಇದ್ದಾರೆ. ಮೂವತ್ತು ದಿನಗಳೊಳಗೆ ಆಕ್ಷೇಪಣೆಯನ್ನು ಕನ್ನಡದಲ್ಲಿ ಬರೆದುಕೊಡುವ ಒಂದು ಚಿಕ್ಕ ಕೂಟ ಅವರಿಂದ ಆಗಬೇಕು. ಆ ಮೂವತ್ತು ದಿನಗಳು ಆಷಾಢದಲ್ಲಿ ಬಿದ್ದರೆ ಹೊಳೆಯಾಚೆಯ ಮನೆಗಳಿಗೆ ಪತ್ರಿಕೆಯೇ ತಲುಪದೆಂಬುದನ್ನೂ ಅಧಿಕಾರಿಗಳ ಗಮನಕ್ಕೆ ಅವರೇ ತರಬೇಕು.

ತರೀಕೆರೆಯ ಟ್ರಾಂ ಓಡಿದ ದಾರಿಯನ್ನು ತೋರಿಸಬಲ್ಲ ಹಿರಿಯರು ನರಸಿಂಹರಾಜಪುರದ ಸುತ್ತ ಇನ್ನೂ ಒಬ್ಬಿಬ್ಬರು ಸಿಕ್ಕಿಯಾರು. ಬೇಸಗೆಯಲ್ಲಿ ಜಲಾಶಯದ ನೀರು ಇಳಿದಾಗ ಮೇಲಿನ ತರಗತಿಯ ಮಕ್ಕಳನ್ನು ಅವರೊಡನೆ ಕಳುಹಿಸಿ, ಹಳಿ ಎಲ್ಲಿ ಹಾದಿತ್ತು, ಯಾವ ಹಳ್ಳಿ ಎಲ್ಲಿತ್ತು, ಯಾವ ಮನೆತನ ಎಲ್ಲಿಗೆ ಹೋಯಿತು ಎಂದು ಒಂದು ನಕ್ಷೆ ಬರೆಯಿಸಿ ಶಾಲೆಯ ಗ್ರಂಥಾಲಯದಲ್ಲಿ ಇರಿಸತಕ್ಕದ್ದು. ಮುಂದಿನ ಅಳತೆಯ ತಂಡ ಬಂದಾಗ ಅವರ ಮುಂದೆ ಬಿಡಿಸಿ ಇಡಲು ಅದು ಬೇಕಾಗುತ್ತದೆ.